ಅರ್ಧಕ್ಕೆ ನಿಂತ ಎಲೆ

ಹರಿಹರದ ಸೇತುವೆ

ದಾವಣಗೆರೆಯವನಿಗೆ ಹರಿಹರದ ಹೊಳೆ ದಾಟಿದರೆ ಪರದೇಶ. ಈಚೆ ದಡ ಮೈಸೂರು ಮಹಾರಾಜರ ಸೀಮೆ, ಆಚೆ ದಡ ಇಂಗ್ಲಿಷರದು. ಹೊಳೆಯ ಮೀನಿಗೆ ಇದ್ಯಾವುದೂ ಗೊತ್ತಿಲ್ಲ. ಮನುಷ್ಯನಿಗೆ ಮಾತ್ರ ಪ್ಲೇಗಿನ ಡಾಕ್ಟರು ನಾಲಿಗೆ ಚಾಚಿಸಿ, ಕಂಕುಳು ಒತ್ತಿ ನೋಡಿ, ಇವನು ದಾಟಬಹುದು ಎಂದು ಚೀಟಿ ಕೊಡಬೇಕು. ಪ್ಲೇಗು ಒಂದೂರಿನಲ್ಲಿ ಅಡಗಿ ಇನ್ನೊಂದೂರಿನಲ್ಲಿ ಏಳುತ್ತಿದ್ದ ಕಾಲ ಅದು. ನನಗೋ ಕಚಗುಳಿ ಜಾಸ್ತಿ. ಡಾಕ್ಟರು ಒತ್ತಿದಾಗ ಕಿಸಕ್ಕನೆ ನಕ್ಕುಬಿಟ್ಟೆ. ಅವರಿಗೆ ಸಿಟ್ಟು ಬಂದು ಇನ್ನಷ್ಟು ಒತ್ತಿದರು, ನಾನು ಇನ್ನಷ್ಟು ನಕ್ಕೆ. ಸಾಲಿನಲ್ಲಿದ್ದವರು ಇವನಿಗೆ ಜ್ವರ ನೆತ್ತಿಗೇರಿದೆ ಎಂದು ದೂರ ಸರಿದರು.

ನಾನು ಹೊರಟಿದ್ದು ಪುಣೆಗೆ, ಉಳಿ ಆರಿಸಿ ತರುವುದಕ್ಕೆ. ಮರದಲ್ಲಿ ಬಳ್ಳಿ, ಎಲೆ, ಹೂ ಕೆತ್ತುವುದು ನಮ್ಮ ಮನೆತನದ ಕಸುಬು. ಎಲೆಗೆ ಎರಡು ಬಗೆಯ ಉಳಿ ಬೇಕು. ಬಾಯಿ ನೆಟ್ಟಗಿರುವುದು ಅಂಚು ಕಡಿಯಲಿಕ್ಕೆ. ಬಾಯಿ ಉಗುರಿನ ಹಾಗೆ ಬಾಗಿರುವುದು ಎಲೆಯ ಹೊಟ್ಟೆ ತೋಡಿ ತುದಿ ಎಬ್ಬಿಸಲಿಕ್ಕೆ. ಅಪ್ಪನ ಪೆಟ್ಟಿಗೆಯಲ್ಲಿ ಎರಡೂ ಇದ್ದವು. ನನ್ನ ಅಣ್ಣ ಮೋನಪ್ಪ ಬಾಗಿದವನ್ನೆಲ್ಲ ಎತ್ತಿಕೊಂಡು ಮನೆ ಬಿಟ್ಟ. ಎಲೆ ಮರಕ್ಕೆ ಅಂಟಿಕೊಂಡಿರಬೇಕು ಎಂದು ಅಪ್ಪ, ಎದ್ದು ನಿಲ್ಲಬೇಕು ಎಂದು ಅಣ್ಣ. ಇಷ್ಟಕ್ಕೇ ಅಪ್ಪ ಮಗ ಮಾತು ಬಿಟ್ಟವರು. ಅವನು ಪುಣೆಯ ವಾಡೆಗಳೆಂಬ ದೊಡ್ಡ ಮನೆಗಳಿಗೆ ಬಾಗಿಲು ಕೆತ್ತುತ್ತಿದ್ದಾನಂತೆ ಎಂದು ಹತ್ತಿ ವ್ಯಾಪಾರಿಯೊಬ್ಬ ಒಮ್ಮೆ ಸುದ್ದಿ ತಂದ. ಆಮೇಲೆ ಏನೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ನಾನು ಉಳಿದ ನೆಟ್ಟನೆಯ ಉಳಿಗಳಲ್ಲೇ ಹೊಟ್ಟೆ ಹೊರೆದೆ. ನನ್ನ ಎಲೆಗಳು ಯಾರೋ ಮೇಲೆ ಕೂತು ಎದ್ದ ಹಾಗೆ ಕಾಣುತ್ತವೆ ಎಂದು ಊರವರು ಆಡಿಕೊಳ್ಳುತ್ತಾರೆ. ಈಗ ಸಾಹುಕಾರರೊಬ್ಬರು ತಮ್ಮ ಹೊಸ ಮನೆಯ ಬಾಗಿಲುವಾಡಕ್ಕೆ ಎದ್ದು ನಿಲ್ಲುವ ಎಲೆಯೇ ಬೇಕು ಎಂದು ಹಟ ಹಿಡಿದಿದ್ದರು.

ಅದೇ ವರ್ಷ, ಅಣ್ಣನ ಆ ಕೊನೆಯ ಸುದ್ದಿ ಬಂದು ಹನ್ನೆರಡು ವರ್ಷ ತುಂಬಿತು. ಅಷ್ಟು ಕಾಲ ಸುದ್ದಿಯಿಲ್ಲದವನನ್ನು ಸತ್ತನೆಂದು ತಿಳಿದು, ಮುತ್ತುಗದ ಎಲೆಗಳಲ್ಲಿ ಅವನ ಆಕೃತಿ ಮಾಡಿ ಸುಡುವುದು ಪದ್ಧತಿ. ಸುಟ್ಟ ದಿನ ಹೆಂಡತಿಯ ಕುಂಕುಮ ಅಳಿಸುತ್ತಾರೆ. ಪುರೋಹಿತರು ಬಂದು ದಿನ ಗೊತ್ತುಮಾಡೋಣ ಎಂದರು. ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಪುರೋಹಿತರು ಹೋದ ಮೇಲೆ ನನ್ನನ್ನು ಕರೆದರು.

"ಹೆಂಗೂ ಉಳಿ ತರೋಕೆ ಹೋಗ್ತಿದ್ದೀಯಲ್ಲ ಗಂಗಾಧರ, ಅಲ್ಲಿಯ ಬಾಗಿಲುಗಳನ್ನ ನೋಡಿಕೊಂಡು ಬಾ. ಅವರ ಕೈ ನಿಂಗೆ ಗೊತ್ತಾಗುತ್ತೆ. ಇಲ್ಲ ಅಂತ ತಿಳಿದ್ರೆ ಸುಡಿ. ಇದ್ದವರನ್ನ ಸುಡಬೇಡಿ."

ಪುಣೆಯವರೆಗೂ ಆ ಮಾತು ನನ್ನ ಜೊತೆಗೇ ಬಂತು.

ಪುಣೆ

ರೈಲಿನಲ್ಲಿ ಧಾರವಾಡದ ಕಡೆಯ ರುದ್ರಪ್ಪ ಎಂಬವರ ಪರಿಚಯವಾಯಿತು. ಪುಣೆ ರೈಲ್ವೆಯ ಮಾಲು ಕಚೇರಿಯಲ್ಲಿ ಗುಮಾಸ್ತರು. ಬೆಳಗಾವಿ ದಾಟುವ ಹೊತ್ತಿಗೆ ನನ್ನ ಬುತ್ತಿ ಅವರ ಹೊಟ್ಟೆಯಲ್ಲೂ ಅವರ ಬುತ್ತಿ ನನ್ನ ಹೊಟ್ಟೆಯಲ್ಲೂ ಇತ್ತು.

"ಬಡಿಗ್ಯಾರ, ಪುಣ್ಯಾದಾಗ ಎಲ್ಲಿ ಇಳಕೊಳ್ಳಾವರಿದ್ದೀರಿ? ನಮ್ಮ ಮನೀಗೆ ಬರ್ರಿ."

"ನಾನು ಬಡಿಗನಲ್ಲ ಸ್ವಾಮಿ, ಕೆತ್ತನೆಯವನು."

"ಅದs ಆತಲ್ರಿ. ಮರಾ ಕಡೀತೀರಿಲ್ಲೋ?"

ನನಗೆ ಮೈಯುರಿಯಿತು. ಆದರೆ ಊಟ ಹಾಕುತ್ತೇನೆಂದವರ ಹತ್ತಿರ ಜಗಳ ಆಡುವಷ್ಟು ದಡ್ಡ ನಾನಲ್ಲ.

ರುದ್ರಪ್ಪನವರ ಹೆಂಡತಿ ನೀಲವ್ವ ತೆಳ್ಳನೆಯ ಜೋಳದ ರೊಟ್ಟಿ ಬಡಿದು ಹಾಕಿದರು. ರೊಟ್ಟಿ ಧಾರವಾಡದ್ದೇ, ಬೇಳೆಯ ಸಾರು ಮಾತ್ರ ಪುಣೆಯದಾಗಿಬಿಟ್ಟಿತ್ತು. ಅದಕ್ಕೆ ಬೆಲ್ಲ ಹಾಕಿದ್ದರು. ನಾನು ಪಾಯಸವೆಂದುಕೊಂಡು ಕೊನೆಗೆ ಕುಡಿಯೋಣವೆಂದು ಎತ್ತಿಟ್ಟುಕೊಂಡೆ. "ಸಾರು ಸೇರಲಿಲ್ಲೇನ್ರಿ?" ಎಂದು ನೀಲವ್ವ ನೊಂದುಕೊಂಡ ಮೇಲೆ ಒಂದೇ ಗುಟುಕಿಗೆ ಇಳಿಸಬೇಕಾಯಿತು. ಪುಣೆಯವರ ಇನ್ನೊಂದು ಅಭ್ಯಾಸ ಮಧ್ಯಾಹ್ನದ ನಿದ್ದೆ. ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ. ಆಗ ಬೀದಿಯಲ್ಲಿ ನಡೆದರೆ ನಮ್ಮ ಹೆಜ್ಜೆ ನಮಗೇ ಕೇಳಿಸುತ್ತದೆ.

ಸಂಜೆ ಎಲೆ ಅಡಿಕೆಗೆಂದು ಪೇಟೆಯ ಒಂದು ಗೂಡಂಗಡಿಯ ಮುಂದೆ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವ ಎಲೆಗೆ ಬೆರಳ ತುಂಬ ಸುಣ್ಣ ಬಳಿದು, ಎರಡು ಲವಂಗ ಚುಚ್ಚಿ, ಕಟ್ಟೆಯ ಮೇಲಿಟ್ಟು ಕೈ ಮುಗಿದ. ನನ್ನ ಮುಖ ನೋಡಲಿಲ್ಲ. ಏನು ಕೊಡಬೇಕೆಂದು ಕೇಳಿದರೆ ತಲೆ ಅಲ್ಲಾಡಿಸಿದ. ಪುಣೆಯವರು ಜಿಪುಣರೆಂದು ಕೇಳಿದ್ದೆ, ಎಷ್ಟು ಉದಾರಿಗಳು ಎಂದುಕೊಂಡೆ. ಸುಣ್ಣ ಮಾತ್ರ ನಾಲಿಗೆ ಸುಟ್ಟಿತು. ನಮ್ಮ ಮನೆಯಲ್ಲಿ ಅಷ್ಟು ಸುಣ್ಣ ತಿನ್ನುತ್ತಿದ್ದವನು ಅಣ್ಣ ಒಬ್ಬನೇ.

ಲಷ್ಕರದ ಅಂಗಡಿ

ಮರುದಿನ ರುದ್ರಪ್ಪನವರು ರಜೆ ಹಾಕಿ, ಬಿಳಿಯರ ದಂಡು ಇರುವ ಲಷ್ಕರದ ಕಡೆ ಒಬ್ಬ ಪಾರಸಿಯ ಅಂಗಡಿಗೆ ಕರೆದುಕೊಂಡು ಹೋದರು. ವಿಲಾಯಿತಿ ಉಳಿಗಳನ್ನು ಗಾಜಿನ ಕಪಾಟಿನಲ್ಲಿ ದೇವರ ಹಾಗೆ ಕೂರಿಸಿದ್ದ. ಕಬ್ಬಿಣ ಒಳ್ಳೆಯದೇ. ಬಾಯಿಯನ್ನು ಹೆಬ್ಬೆರಳ ಉಗುರಿನ ಮೇಲಿಟ್ಟರೆ ಜಾರದೆ ಕಚ್ಚಿ ನಿಲ್ಲಬೇಕು, ನಿಂತಿತು. ದಾರದಲ್ಲಿ ತೂಗಿ ತಟ್ಟಿದರೆ ನಾದ ಒಡೆಯಬಾರದು, ಒಡೆಯಲಿಲ್ಲ. ಆದರೆ ಹಿಡಿ ಉದ್ದ. ಅವರು ಮೇಜಿನ ಮುಂದೆ ನಿಂತು ಕೆತ್ತುವವರು, ನಾವು ನೆಲದಲ್ಲಿ ಕೂತು ಕಾಲಲ್ಲಿ ಮರ ಒತ್ತಿಕೊಳ್ಳುವವರು. ಅದೂ ಅಲ್ಲದೆ ನಮ್ಮ ಮನೆತನದಲ್ಲಿ ಪ್ರತಿಯೊಂದು ಹಿಡಿಗೂ ಅರಗು ಸುತ್ತಿ, ಅದು ಬೆಚ್ಚಗೆ ಮೆತ್ತಗಿರುವಾಗ ಮುಷ್ಟಿಯಲ್ಲಿ ಒತ್ತಿ ಹಿಡಿಯುತ್ತೇವೆ. ಅರಗು ಗಟ್ಟಿಯಾದ ಮೇಲೆ ಬೆರಳುಗಳ ತಗ್ಗು ಹಾಗೇ ಉಳಿಯುತ್ತದೆ. ಒಬ್ಬರ ಉಳಿ ಇನ್ನೊಬ್ಬರ ಕೈಗೆ ಕೂರುವುದಿಲ್ಲ.

ಬಳಸಿ ನೋಡದೆ ಹೇಗೆ ಆರಿಸುವುದು? ಒಂದು ತುಂಡು ತೇಗ ಕೇಳಿ, ಅಂಗಡಿಯ ನಡುವೆ ನೆಲಕ್ಕೆ ಕೂತು, ಎರಡು ಪಾದಗಳ ನಡುವೆ ಮರ ಸಿಕ್ಕಿಸಿ ಎಲೆ ಶುರು ಮಾಡಿದೆ. ಟೋಪಿ ಹಾಕಿದ ದೊರೆಸಾನಿ ಒಬ್ಬಳು ನನ್ನನ್ನು ದಾಟಲಾಗದೆ ನಿಂತಳು. ಪಾರಸಿ ಕೆಂಪಾದ.

"ಏಳ್ರಿ ಬಡಿಗ್ಯಾರ, ಮಂದಿ ನೋಡಾಕತ್ತಾರ," ಎಂದು ರುದ್ರಪ್ಪನವರು ಅಂಗಲಾಚಿದರು.

ನಾನು ಏಳಲಿಲ್ಲ. ಎಲೆ ಶುರು ಮಾಡಿದರೆ ಮುಗಿಸದೆ ಏಳಬಾರದೆಂಬುದು ಅಪ್ಪನ ಕಟ್ಟಪ್ಪಣೆ. ನೀರಡಿಕೆಯಾದರೂ ಇಲ್ಲ, ಮಳೆ ಬಂದರೂ ಇಲ್ಲ. ಅಮ್ಮನ ಜೀವ ಹೋಯಿತು ಎಂದು ಒಳಗಿನಿಂದ ಕೂಗಿದಾಗ ಅಪ್ಪ, ಅಣ್ಣ, ನಾನು ಮೂವರೂ ಕೈಯಲ್ಲಿದ್ದ ಎಲೆ ಮುಗಿಸಿಯೇ ಎದ್ದೆವು. ಅಪ್ಪನ ಜೊತೆ ಎಲ್ಲದಕ್ಕೂ ಜಗಳ ತೆಗೆಯುತ್ತಿದ್ದ ಅಣ್ಣ ಈ ಒಂದು ಮಾತನ್ನು ಮಾತ್ರ ಎಂದೂ ಮೀರಿದವನಲ್ಲ.

ಎಲೆ ಮುಗಿಯಿತು. ಎಂದಿನಂತೆ ಚಪ್ಪಟೆಯಾಗಿ ಮಲಗಿತ್ತು. ಉಳಿ ವಿಲಾಯಿತಿಯದಾದರೂ ಕೈ ನನ್ನದೇ ತಾನೆ? ಯಾವುದನ್ನೂ ಆರಿಸದೆ ಎದ್ದು ಬಂದೆ.

ಜುನಾ ಬಾಜಾರ

ಹಳೆಯ ಸಾಮಾನಿನ ಸಂತೆಗೆ ಪುಣೆಯಲ್ಲಿ ಜುನಾ ಬಾಜಾರ ಎನ್ನುತ್ತಾರೆ. ಬಾಗಿಲಿಲ್ಲದ ಬೀಗ, ಬೀಗವಿಲ್ಲದ ಕೀಲಿಕೈ, ಒಂಟಿ ಬೂಟು, ಎಲ್ಲ ಅಲ್ಲಿಗೆ ಬರುತ್ತವೆ. ಪ್ಲೇಗಿನಲ್ಲಿ ಬರಿದಾದ ಮನೆಗಳ ಸಾಮಾನೂ ಅಲ್ಲಿಗೇ ಬರುತ್ತದೆಂದು ರುದ್ರಪ್ಪನವರು ಹೇಳಿದ ಮೇಲೆ ಯಾವುದನ್ನೂ ಮುಟ್ಟಲು ಮನಸ್ಸಾಗಲಿಲ್ಲ.

ಒಬ್ಬ ಮುದುಕ ಗೋಣಿಯ ಮೇಲೆ ಉಳಿಗಳನ್ನು ಹರಡಿಕೊಂಡಿದ್ದ. ನಾನು ಕುಕ್ಕರುಗಾಲಲ್ಲಿ ಕೂತು ಒಂದಕ್ಕೆ ಕೈ ಹಾಕಿದೆ. ಮುದುಕ ತಲೆಯೆತ್ತಿ ನೋಡಿ ಗೋಣಿಯನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡ. ತುಟಿ ಮಾತ್ರ ರಾಮ ರಾಮ ಎಂದು ಅಲ್ಲಾಡುತ್ತಿತ್ತು. ಪಕ್ಕದ ಅಂಗಡಿಯವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ನಾನು ಕೂತ ಜಾಗಕ್ಕೆ ಕೊಡದಿಂದ ನೀರು ಚಿಮುಕಿಸಿದಳು.

ರುದ್ರಪ್ಪನವರು ಮರಾಠಿಯಲ್ಲಿ ವಿಚಾರಿಸಿದರು. ಮುದುಕ ನನ್ನ ಕಡೆ ನೋಡದೆ ಅವರ ಕಿವಿಯಲ್ಲಿ ಏನೋ ಹೇಳಿದ. ರುದ್ರಪ್ಪನವರ ಕೈ ಮೆಲ್ಲಗೆ ಕೊರಳ ಲಿಂಗದ ಮೇಲೆ ಹೋಯಿತು.

"ಏನಂತಾನೆ?"

"ಕಸಬಾ ಪೇಠದಾಗ ತಾಮ್ರಗಾರರ ಓಣಿ ಅದ. ಅದರ ಆಚಿ ಕಡೆ ವಾಡೆದಾಗ ಎಲಿ ಕೆತ್ತಾವ ಒಬ್ಬಾಂವ ಇದ್ದನಂತ್ರಿ. ಥೇಟ್ ನಿಮ್ಮ ಮುಖ."

ನನಗೆ ಕುಣಿಯುವಷ್ಟು ಖುಷಿಯಾಯಿತು. ಅಣ್ಣನಿಗೂ ನನಗೂ ಅಚ್ಚೊತ್ತಿದ ಹಾಗೆ ಒಂದೇ ಮುಖ. ಚಿಕ್ಕಂದಿನಲ್ಲಿ ಅಮ್ಮನೇ ತಪ್ಪು ಬೆನ್ನಿಗೆ ಗುದ್ದುತ್ತಿದ್ದಳು. ಎಲೆ ಅಡಿಕೆಯವನು ಅಷ್ಟು ಸುಣ್ಣ ಹಚ್ಚಿದ್ದು ಯಾಕೆಂದೂ ಈಗ ತಿಳಿಯಿತು. ಅತ್ತಿಗೆಗೆ ಏನೆಂದು ಹೇಳಬೇಕು, ಮೊದಲು ಯಾವ ಮಾತು, ಎಂದು ಅಲ್ಲೇ ಜೋಡಿಸಿಕೊಳ್ಳತೊಡಗಿದೆ. ಮುದುಕ ಯಾಕೆ ಹೆದರಿದ ಎಂಬ ಪ್ರಶ್ನೆಯನ್ನು ಬೇಕೆಂದೇ ಪಕ್ಕಕ್ಕೆ ತಳ್ಳಿದೆ. ದೆವ್ವ ಭೂತಗಳಲ್ಲಿ ನನಗೆ ನಂಬಿಕೆಯಿಲ್ಲ.

"ನಾಳೆ ಹೋಗೂಣ್ರಿ," ಎಂದರು ರುದ್ರಪ್ಪನವರು.

"ಈಗಲೇ," ಎಂದೆ.

ತಾಮ್ರಗಾರರ ಓಣಿ

ಆ ಓಣಿ ಕಾಣುವ ಮೊದಲೇ ಕೇಳಿಸುತ್ತದೆ. ಸಾಲು ಮನೆಗಳ ಮುಂದೆ ತಾಮ್ರದ ಹಂಡೆ, ಬಿಂದಿಗೆಗಳನ್ನು ಬಡಿಯುವ ಸುತ್ತಿಗೆಗಳ ಸದ್ದಿಗೆ ಹಲ್ಲು ಕೂಡ ಅದುರುತ್ತದೆ. ನಾನು ಒಳಗೆ ಕಾಲಿಟ್ಟೆ. ಮೊದಲ ಮನೆಯವನು ತಲೆಯೆತ್ತಿದ, ಅವನ ಸುತ್ತಿಗೆ ನಿಂತಿತು. ಎರಡು ಹೆಜ್ಜೆ ಮುಂದೆ ಹೋದೆ, ಆಚೆ ಬದಿಯ ಸುತ್ತಿಗೆ ನಿಂತಿತು. ನಾನು ನಡೆದ ಹಾಗೆ ಒಂದೊಂದಾಗಿ ನಿಲ್ಲುತ್ತ ಹೋಗಿ, ಓಣಿಯ ಕೊನೆ ಮುಟ್ಟುವಾಗ ನನ್ನ ಉಸಿರಾಟ ನನಗೆ ಕೇಳಿಸುತ್ತಿತ್ತು. ಯಾರೂ ಬೈಯಲಿಲ್ಲ, ಓಡಲಿಲ್ಲ. ಎಲ್ಲರೂ ತಮ್ಮ ಮುಂದಿನ ಹಂಡೆಯನ್ನೇ ನೋಡುತ್ತ ಕೂತಿದ್ದರು.

ವಾಡೆಯ ಗೋಡೆಯ ಮೇಲೆ, ಪ್ಲೇಗಿನಲ್ಲಿ ಸಾವಾದ ಮನೆಗಳಿಗೆ ಬರೆಯುತ್ತಿದ್ದ ಕೆಂಪು ಸುತ್ತು ಮಾಸಿ ಉಳಿದಿತ್ತು. ಅದನ್ನು ನೋಡಿ ರುದ್ರಪ್ಪನವರು, "ನೀವು ಹೋಗಿ ಬರ್ರಿ, ನಾ ಇಲ್ಲೇ ನಿಂತಿರ್ತೀನಿ," ಎಂದರು.

ಬಾಗಿಲುವಾಡವನ್ನು ನೋಡಿದ ಕೂಡಲೇ ಅಣ್ಣನ ಕೈ ಗೊತ್ತಾಯಿತು. ಎಲೆಗಳು ಮರದಿಂದ ಎದ್ದು, ತುದಿ ಮಡಚಿ, ಈಗಷ್ಟೇ ಗಾಳಿ ಬೀಸಿದ ಹಾಗೆ ನಿಂತಿದ್ದವು. ಬಲಗಡೆಯ ಕೆಳಗಿನಿಂದ ಹೊರಟ ಬಳ್ಳಿ ಮೇಲೇರಿ, ತಲೆ ದಾಟಿ, ಎಡಗಡೆ ಇಳಿದು ಬರುತ್ತಿತ್ತು. ಅದರ ಜೊತೆ ನನ್ನ ಕಣ್ಣೂ ಇಳಿಯಿತು. ಎಡಗಡೆ, ಕೂತವನ ಕೈಗೆ ಸಿಗುವ ಎತ್ತರದಲ್ಲಿ, ಕೊನೆಯ ಎಲೆ ಅರ್ಧಕ್ಕೆ ನಿಂತಿತ್ತು. ಒಂದು ಮಗ್ಗುಲು ಎದ್ದಿದೆ, ಇನ್ನೊಂದು ಮಗ್ಗುಲು ಬರಿ ಮರ. ನಡುವೆ ಉಳಿ ಇಳಿದು ಚಕ್ಕೆ ಎಬ್ಬಿಸದೆ ಬಿಟ್ಟ ಗಾಯ.

ಯಾರೂ ಏನೂ ಹೇಳುವ ಮೊದಲೇ ನನಗೆ ತಿಳಿದುಹೋಯಿತು. ಅಣ್ಣ ತಾನಾಗಿ ಎದ್ದಿರಲಾರ. ಆ ಎಲೆಯ ಮುಂದೆಯೇ ಕುಸಿದು ಕೂತೆ.

"ಮೋನಪ್ಪಾ, ಬಂದ್ಯಾ? ಭಾಳ ತಡಾ ಮಾಡಿದಿ."

ಒಳಗಿನ ಅಂಗಳದಲ್ಲಿ ಕೆಂಪು ಸೀರೆಯ ಒಬ್ಬ ಮುದುಕಿ ನಿಂತಿದ್ದರು. ವಾಡೆಯ ಒಡತಿ. ತವರು ಜಮಖಂಡಿಯಂತೆ, ಮಾತು ಕನ್ನಡ. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಮುಖದಲ್ಲಿ ಹೆದರಿಕೆ ಲವಲೇಶವೂ ಇರಲಿಲ್ಲ. ಹೆದರಿದ್ದವನು ನಾನು.

"ನಾನು ಮೋನಪ್ಪ ಅಲ್ಲ ಅಜ್ಜಿ. ಅವನ ತಮ್ಮ."

"ಆತು, ತಮ್ಮ ಅಂತs ಇಟ್ಕೋಳೂಣು. ಕೂಡು." ಹಟಮಾರಿ ಮಗುವನ್ನು ಸಮಾಧಾನ ಮಾಡುವ ದನಿ ಅದು. "ಪ್ಲೇಗಿನ ಮಂದಿ ಬಂದಾಗ ನೀ ಹಿಂಗs ಕೂತಿದ್ದಿ. ಮೈ ಕೆಂಡ ಆಗಿತ್ತು. ಈ ಎಲಿ ಮುಗಿಸಿ ಬರ್ತೀನಿ ಅಂತ ಕೈ ಮುಗದಿ. ಅವರು ತೋಳ ಹಿಡದು ಎಬ್ಬಿಸಿದ್ರು. ಉಳಿ ನಿನ್ನ ಕೈ ಜಾರಿ ಇಲ್ಲೇ ಬಿತ್ತು. ಆಮ್ಯಾಲ ಸುದ್ದಿ ಬಂತು."

"ಏನು ಸುದ್ದಿ ಅಜ್ಜಿ?"

ನಿನಗೆ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದರು.

"ನಿನ್ನ ಸುಟ್ಟ ಸುದ್ದಿ. ಊರು ಯಾವುದು ಅಂತ ಎಷ್ಟು ಸರ್ತಿ ಕೇಳಿದ್ರೂ ನೀ ಹೇಳಿರಲಿಲ್ಲ. ಯಾರಿಗೆ ಹೇಳಿ ಕಳಸ್ಲಿ? ದಿನಾ ಮಧ್ಯಾಹ್ನ ಇಲ್ಲಿ ಟಕ್ ಟಕ್ ಅಂತ ಸಪ್ಪಳ ಆಗ್ತದ. ಬಂದು ನೋಡಿದ್ರ ಎಲಿ ಹಾಂಗs ಇರ್ತದ. ಎಲಿ ಮುಗೀಲಿಲ್ಲ, ಅದಕ್ಕs ಇಂವಾ ಬರ್ತಾನ ಅಂತ ಓಣಿಯವರಿಗೂ ಗೊತ್ತದ."

ಪಕ್ಕದಲ್ಲೇ ತಾಮ್ರ ಬಡಿಯುವ ಓಣಿ, ಸದ್ದು ಅಲ್ಲಿಂದ ಬಂದಿರಬೇಕು ಎಂದು ಬಾಯಿಗೆ ಬಂತು. ಆದರೆ ಮಧ್ಯಾಹ್ನ ಪುಣೆಗೆ ಪುಣೆಯೇ ಮಲಗಿರುತ್ತದೆಂಬುದು ನೆನಪಾಯಿತು. ಅಣ್ಣನ ಸಾವಿನ ಸುದ್ದಿಯನ್ನು ಅಣ್ಣನಾಗಿಯೇ ಕೇಳಿಸಿಕೊಂಡೆ. ಅಳಲಿಕ್ಕೂ ಆಗಲಿಲ್ಲ. ಅವರ ಮುಂದೆ ಸತ್ತವನು ಅಳುವುದೆಂದರೆ ಹೇಗೆ?

ಅಜ್ಜಿ ಒಂದು ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಅಪ್ಪನ ಬಾಗಿದ ಬಾಯಿಯ ಉಳಿಗಳು, ಉಳಿ ಬಡಿಯುವ ಕೊಡತಿ. ಅಂದು ಕೈಯಲ್ಲಿದ್ದದ್ದು ಯಾವುದೆಂದು ಅವರಿಗೆ ನೆನಪಿರಲಿಲ್ಲ. ಅದನ್ನು ಗಾಯವೇ ಹೇಳಬೇಕು. ಒಂದನ್ನು ಇಟ್ಟು ನೋಡಿದೆ, ಅಗಲ ಹೆಚ್ಚಾಯಿತು. ಇನ್ನೊಂದರ ಬಾಗು ಆಳವಾಯಿತು. ಮತ್ತೊಂದು ಸರಿಯೆನಿಸಿತು, ಆದರೆ ಅಂಚಿನಲ್ಲಿ ಬೆಳಕು ತೂರಿತು. ಕೊನೆಗೆ ಒಂದು, ಕೂದಲಿಗೂ ಎಡೆಯಿಲ್ಲದ ಹಾಗೆ ಗಾಯದೊಳಗೆ ಕೂತಿತು. ಹಿಡಿಯ ಸುತ್ತ ಮುಷ್ಟಿ ಕಟ್ಟಿದೆ. ಅರಗಿನಲ್ಲಿ ಅಣ್ಣನ ಬೆರಳುಗಳ ತಗ್ಗು ಇತ್ತು. ಒಬ್ಬರ ಉಳಿ ಇನ್ನೊಬ್ಬರಿಗೆ ಕೂರುವುದಿಲ್ಲ ಎಂದೆನಲ್ಲ. ಅವನು ಹೆಬ್ಬೆರಳನ್ನು ಮೇಲಕ್ಕಿಡುವವನು, ನಾನು ಕೆಳಗಿಡುವವನು. ನನ್ನ ಹೆಬ್ಬೆರಳು ತಾನಾಗಿ ಮೇಲೇರಿ ಅವನ ತಗ್ಗಿನಲ್ಲಿ ಮಲಗಿತು. ನೆರಳಲ್ಲಿ ಗಂಟು ಕಟ್ಟಿಟ್ಟಿದ್ದ ಉಳಿ. ಆದರೆ ಹಿಡಿ ಬೆಚ್ಚಗಿತ್ತು.

ಕೊಡತಿ ಎತ್ತಿದೆ. ಹುಟ್ಟಿದಾಗಿನಿಂದ ಎಬ್ಬಿಸಲಾಗದ ಎಲೆಯನ್ನು ನನ್ನ ಕೈ ಎಬ್ಬಿಸತೊಡಗಿತು. ಒಂದು ಪೆಟ್ಟಿಗೆ ಎರಡು ಸದ್ದು ಕೇಳಿಸುತ್ತಿತ್ತು. ಅಂಗಳ ಖಾಲಿ, ಮಾರ್ದನಿ ಇರಬೇಕು. ನಾನು ತಿರುಗಿ ನೋಡಲಿಲ್ಲ, ಏಳಲೂ ಇಲ್ಲ. ಕೊನೆಯ ಚಕ್ಕೆ ಹಾರಿ ಎಲೆ ತುದಿ ಮಡಚಿ ನಿಂತ ಗಳಿಗೆಯಲ್ಲೇ ಹೊರಗೆ ಓಣಿಯ ಸುತ್ತಿಗೆಗಳೆಲ್ಲ ಒಟ್ಟಿಗೆ ಶುರುವಾದವು.

ಅಜ್ಜಿ ಎಲೆಯ ಮೇಲೆ ಕೈಯಾಡಿಸಿದರು. ಉಳಿಗಳ ಗಂಟನ್ನು ನನ್ನ ಕಡೆ ಸರಿಸಿದರು.

"ಮುಗೀತಲ್ಲ. ಇನ್ನ ಹೋಗಪಾ. ಮತ್ತ ಬರಬ್ಯಾಡ." ಬಾಗಿಲು ಹಾಕಿಕೊಂಡರು.

ಹೊರಗೆ ರುದ್ರಪ್ಪನವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ನಿಮ್ಮ ಹೆಸರು ಹೇಳ್ರಿ," ಎಂದರು. ಗಂಗಾಧರ ಎಂದೆ. ನನಗೇ ಅದು ಇನ್ಯಾರದೋ ಹೆಸರಿನ ಹಾಗೆ ಕೇಳಿಸಿತು. ಆಮೇಲೆ ಅವರು ನನ್ನನ್ನು ಬಡಿಗ್ಯಾರ ಎಂದು ಕರೆಯಲಿಲ್ಲ.

ದಾವಣಗೆರೆ

ಹಿಂದಿರುಗುವಾಗ ಹರಿಹರದಲ್ಲಿ ಡಾಕ್ಟರು ಕಂಕುಳು ಒತ್ತಿದರು. ಈ ಸಲ ನಗು ಬರಲಿಲ್ಲ.

ಅತ್ತಿಗೆಗೆ ಹೇಗೆ ಹೇಳುವುದು? ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಮನೆ ಹತ್ತಿರವಾದ ಹಾಗೆ ಒಂದೊಂದೇ ಕಳಚಿ ಬಿತ್ತು. ಅವರು ಕಾಲಿಗೆ ನೀರು ಕೊಟ್ಟರು, ಊಟಕ್ಕೆ ಬಡಿಸಿದರು, ಏನೂ ಕೇಳಲಿಲ್ಲ. ಹಣೆಯಲ್ಲಿ ಕಾಸಿನಗಲದ ಕುಂಕುಮ. ಊಟವಾದ ಮೇಲೆ ಅವರೇ ಗಂಟು ಬಿಚ್ಚಿ ಉಳಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಒಂದರ ಹಿಡಿಯಲ್ಲಿ ಅವರ ಕೈ ನಿಂತಿತು. ಅದೇ ಉಳಿ. ಆ ತಗ್ಗುಗಳಲ್ಲಿ ಅವರ ಸಣ್ಣ ಬೆರಳುಗಳು ಹುದುಗಿಹೋದವು.

"ಎಲೆ ಅರ್ಧಕ್ಕೆ ನಿಂತಿತ್ತಾ?" ಎಂದು ಕೇಳಿದರು.

ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವರೂ ಆ ಕಟ್ಟಪ್ಪಣೆಯನ್ನು ನೋಡಿದವರೇ. ಬಡಿಸಿದ ಊಟ ಆರಿದರೂ ಗಂಡ ಏಳದ್ದನ್ನು ಕಂಡವರು.

"ಹೂಂ," ಎಂದೆ. "ಮುಗಿಸಿ ಬಂದೆ."

ಅತ್ತಿಗೆ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಹಣೆ ಬರಿದಾಗಿತ್ತು. ಯಾರೂ ಅಳಿಸಬೇಕಾಗಿ ಬರಲಿಲ್ಲ.

ಗೊತ್ತುಮಾಡಿದ ದಿನ ಪುರೋಹಿತರು ಅಂಗಳದಲ್ಲಿ ಮುತ್ತುಗದ ಎಲೆಗಳನ್ನು ಹರಡಿಕೊಂಡು ಅಣ್ಣನನ್ನು ಮಾಡತೊಡಗಿದರು. ತಲೆಗೆ ತೆಂಗಿನಕಾಯಿ, ಎದೆಗೆ ಎಲೆ, ಕಾಲಿಗೆ ಎಲೆ. ಬಲಗೈ ಆಯಿತು. ಉಳಿ ಹಿಡಿಯುವ ಎಡಗೈಗೆ ಎಲೆ ಜೋಡಿಸುವಾಗ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಮಾತಾಡಿದರು.

"ಎಡಗೈ ಬೇಡ ಸ್ವಾಮಿ. ಅದು ಮನೇಲಿದೆ."

ಪುರೋಹಿತರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಎಡಗೈಯಿಲ್ಲದೆಯೇ ಸುಟ್ಟೆವು.

ಸಾಹುಕಾರರ ಬಾಗಿಲುವಾಡ ಮುಗಿದು ಎಷ್ಟೋ ಕಾಲವಾಯಿತು. ನನ್ನ ಎಲೆಗಳು ಈಗ ಎದ್ದು ನಿಲ್ಲುತ್ತವೆ. ಪುಣೆಯ ಕಬ್ಬಿಣ ಒಳ್ಳೆಯದು ಎನ್ನುತ್ತಾರೆ ಊರವರು. ಉಳಿದ ಹಿಡಿಗಳ ಅರಗು ಕರಗಿಸಿ ನನ್ನ ಮುಷ್ಟಿ ಒತ್ತಿಕೊಂಡಿದ್ದೇನೆ, ಆ ಒಂದನ್ನು ಬಿಟ್ಟು. ಅದು ನನ್ನ ಪೆಟ್ಟಿಗೆಯಲ್ಲಿರುವುದಿಲ್ಲ. ಬೇಕಾದಾಗ ಅತ್ತಿಗೆಯನ್ನು ಕೇಳುತ್ತೇನೆ, ಅವರು ಒಳಗಿನಿಂದ ತಂದುಕೊಡುತ್ತಾರೆ. ಯಾವಾಗ ಕೊಟ್ಟರೂ ಹಿಡಿ ಬೆಚ್ಚಗೇ ಇರುತ್ತದೆ. ಅದು ಯಾಕೆಂದು ನಾನು ಕೇಳಿಲ್ಲ.